ಡೀಸೆಲ್ಲಾ, ಹೈಬ್ರಿಡ್ಡಾ, ಕರೆಂಟ್ ಗಾಡಿನಾ? ದಾವಣಗೆರೆ ಓಡಾಟಕ್ಕೆ ಯಾವುದು ಕೈ ಹಿಡಿಯುತ್ತೆ

ನಿಟುವಳ್ಳಿ ನಿವಾಸಿ:
ಎಲ್ಲರಿಗೂ ನಮಸ್ಕಾರ. ಮನೆಯ ಡೀಸೆಲ್ ಕಾರಿಗೆ ಹನ್ನೆರಡು ವರ್ಷ ತುಂಬಿತು. ಎಂಜಿನ್ ಗಟ್ಟಿಯಾಗೇ ಇದೆ, ಆದರೆ ಕ್ಲಚ್, ಸಸ್ಪೆನ್ಶನ್, ಎ.ಸಿ. ಅಂತ ಒಂದರ ಹಿಂದೆ ಒಂದು ಖರ್ಚು ಬರ್ತಾನೇ ಇದೆ. ಈ ಸಲ ಬದಲಾಯಿಸೋದೇ ಅಂತ ಮನೆಯಲ್ಲಿ ತೀರ್ಮಾನ ಆಗಿದೆ.

ನನ್ನ ಓಡಾಟ ಹೇಳ್ತೀನಿ. ವಾರದ ದಿನ ಹರಿಹರಕ್ಕೆ ಡ್ಯೂಟಿಗೆ ಹೋಗಿ ಬರೋದು. ಸಂಜೆ ಮಕ್ಕಳ ಟ್ಯೂಷನ್, ಮಾರ್ಕೆಟ್ಟು. ಆಗಾಗ ಬೆಂಗಳೂರು. ಅಪ್ಪ ಅಮ್ಮ ಜಗಳೂರು ಕಡೆ ಹಳ್ಳಿಯಲ್ಲಿದ್ದಾರೆ, ಅಲ್ಲಿಗೂ ಹೋಗ್ತಿರ್ತೀವಿ. ಎಲ್ಲಾ ಸೇರಿ ತಿಂಗಳಿಗೆ 1,500 ಕಿ.ಮೀ. ಆಸುಪಾಸು. ಸ್ವಂತ ಮನೆ, ಗಾಡಿ ನಿಲ್ಲಿಸೋಕೆ ಶೆಡ್ ಇದೆ. ಆನ್‌ರೋಡ್ 20 ಲಕ್ಷದೊಳಗೆ ಮುಗಿಸಬೇಕು. ಒಂದು ಶೋರೂಮಿನಲ್ಲಿ ಹೈಬ್ರಿಡ್ ಲೀಟರಿಗೆ 28 ಕಿ.ಮೀ. ಕೊಡುತ್ತೆ ಅಂತಾರೆ, ಇನ್ನೊಂದರಲ್ಲಿ ಎಲೆಕ್ಟ್ರಿಕ್ ಆದ್ರೆ ಕಿಲೋಮೀಟರಿಗೆ ಒಂದು ರೂಪಾಯಿ ಅಂತಾರೆ, ಸಂಬಂಧಿಕರು ಡೀಸೆಲ್ ಬಿಟ್ಟು ಬೇರೆ ಕಡೆ ನೋಡಬೇಡ ಅಂತಾರೆ. ಓಡಿಸಿ ಅನುಭವ ಇರೋರು ದಯವಿಟ್ಟು ಹೇಳಿ.

ಹೊಂಡದ ಸರ್ಕಲ್ ಟೂರಿಸ್ಟ್:
ಅಣ್ಣಾರೆ, ನಾನು ಬಾಡಿಗೆ ಗಾಡಿ ಓಡಿಸೋನು. ಧರ್ಮಸ್ಥಳ, ಮಂತ್ರಾಲಯ, ಏರ್‌ಪೋರ್ಟ್ ಡ್ರಾಪ್, ಇದೇ ನಮ್ಮ ಬದುಕು. ರಾತ್ರಿ ಹತ್ತಕ್ಕೆ ಫೋನ್ ಬಂದ್ರೆ ಹತ್ತೂವರೆಗೆ ಹೊರಟಿರಬೇಕು. ಅಂಥಾ ಕೆಲಸಕ್ಕೆ ಡೀಸೆಲ್ಲೇ ಸೈ. ಟ್ಯಾಂಕ್ ತುಂಬಿಸಿದ್ರೆ ಬೆಂಗಳೂರಿಗೆ ಹೋಗಿ ಬಂದು ಇನ್ನೂ ಮಿಕ್ಕಿರುತ್ತೆ. ಏಳು ಜನ ಕೂತು, ಮೇಲೆ ಲಗೇಜ್ ಕಟ್ಟಿ, ಎ.ಸಿ. ಹಾಕಿದ್ರೂ ಎಳೆಯೋ ಶಕ್ತಿ ಬೇರೆ.

ಆದ್ರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬಂದ ಮೇಲೆ ಸಣ್ಣ ಡೀಸೆಲ್ ಕಾರು ಮಾರ್ಕೆಟ್ಟಲ್ಲಿ ಅಪರೂಪ ಆಯ್ತು. ಮಾರುತಿಯವರು ಡೀಸೆಲ್ ಪೂರ್ತಿ ನಿಲ್ಲಿಸಿದ್ರು. ನಮ್ಮ ಸ್ಟ್ಯಾಂಡಿನ ಹುಡುಗರು ಎಷ್ಟೋ ಜನ ಸಿಎನ್‌ಜಿಗೆ ಹೋದ್ರು. ಡಿಕ್ಕಿ ಜಾಗ ಹೋಗುತ್ತೆ, ಪಂಪಲ್ಲಿ ಕ್ಯೂ ನಿಲ್ಲಬೇಕು, ಅದೊಂದು ಕಷ್ಟ. ಹೈವೇ ಜಾಸ್ತಿ ಇದ್ರೆ ಡೀಸೆಲ್ ತಗೊಳ್ಳಿ ಅಂತೀನಿ ನಾನು.

ಭದ್ರಾ ನಾಲೆ:
ನಿವೃತ್ತ ಎಂಜಿನಿಯರ್ ನಾನು. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಮೈಲೇಜ್ ಎಷ್ಟು ಅಂತ ಕೇಳೋ ಮುಂಚೆ ಕೇಳಬೇಕಾದ ಪ್ರಶ್ನೆ ಎರಡು: ಗಾಡಿ ಎಂಥ ರಸ್ತೆಯಲ್ಲಿ ಓಡುತ್ತೆ, ರಾತ್ರಿ ಎಲ್ಲಿ ನಿಲ್ಲುತ್ತೆ. ಉತ್ತರ ಇದರಲ್ಲೇ ಇದೆ.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತೆ, ಪೆಟ್ರೋಲ್‌ನಲ್ಲಿ 9ರ ಹತ್ತಿರ. ಯೂನಿಟ್ ಅಂದ್ರೆ ಕರೆಂಟ್ ಬಿಲ್ಲಿನ ಅದೇ ಯೂನಿಟ್. ಡೀಸೆಲ್ ಕಾರು 18 ಕಿ.ಮೀ. ಕೊಟ್ಟರೆ ಒಂದು ಯೂನಿಟ್‌ಗೆ ಎರಡು ಕಿ.ಮೀ. ಕೂಡ ಬರಲಿಲ್ಲ ಅಂತ ಆಯ್ತು. ಅದೇ ಗಾತ್ರದ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಆರು ಕಿ.ಮೀ. ಹೋಗುತ್ತೆ. ಎಂಜಿನ್ ಸುಡೋದರಲ್ಲಿ ಅರ್ಧಕ್ಕಿಂತ ಹೆಚ್ಚು ರೇಡಿಯೇಟರ್‌ನಿಂದ, ಸೈಲೆನ್ಸರ್‌ನಿಂದ ಬಿಸಿಯಾಗಿ ಆಚೆ ಹೋಗುತ್ತೆ. ಮೋಟಾರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಚಕ್ರಕ್ಕೇ ತಲುಪುತ್ತೆ. ಕಲ್ಲಿದ್ದಲು ಸ್ಥಾವರದಲ್ಲೂ ಹೀಗೇ ನಷ್ಟ ಆಗುತ್ತಲ್ಲ ಅಂತ ಕೇಳಬಹುದು. ಆಗುತ್ತೆ, ಅಲ್ಲೂ ಮೂರನೇ ಎರಡು ಭಾಗ ಬಿಸಿಯಾಗೇ ಹೋಗುತ್ತೆ. ಆದರೆ ನಮ್ಮ ರಾಜ್ಯದಲ್ಲಿ ಜಲವಿದ್ಯುತ್, ಗಾಳಿ, ಸೌರ ಮೂರೂ ಚೆನ್ನಾಗಿವೆ. ಪಾವಗಡದ ಸೋಲಾರ್ ಪಾರ್ಕ್ ನಮಗೇನು ದೂರ ಇಲ್ಲ.

ಇನ್ನು ಹೈಬ್ರಿಡ್, ಅಂದ್ರೆ ಎಂಜಿನ್ ಜೊತೆಗೆ ಮೋಟಾರು, ಬ್ಯಾಟರಿ ಕೂಡ ಇರೋ ಗಾಡಿ. ಸ್ಟ್ರಾಂಗ್ ಹೈಬ್ರಿಡ್, ಮೈಲ್ಡ್ ಹೈಬ್ರಿಡ್ ಎರಡನ್ನೂ ಒಂದೇ ಅಂದ್ಕೋಬೇಡಿ. ಮೈಲ್ಡ್‌ನಲ್ಲಿ ಸಣ್ಣ ಮೋಟಾರು ಎಂಜಿನ್‌ಗೆ ಕೈಜೋಡಿಸುತ್ತೆ ಅಷ್ಟೇ, ಬರೀ ಬ್ಯಾಟರಿಯಲ್ಲಿ ಗಾಡಿ ಓಡಲ್ಲ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾಡೆಲ್, ಹೋಂಡಾ ಸಿಟಿ ಹೈಬ್ರಿಡ್, ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಇವು ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೂ ಓಡೋ ನಿಜವಾದ ಹೈಬ್ರಿಡ್. ಹೈರೈಡರ್‌ನ ಬ್ಯಾಟರಿ ಒಂದು ಯೂನಿಟ್ ಕೂಡ ಹಿಡಿಯಲ್ಲ, ಆದ್ರೂ ಬ್ರೇಕ್ ಹಾಕಿದಾಗೆಲ್ಲ ತುಂಬಿ, ಹೊರಡುವಾಗ ಖಾಲಿಯಾಗಿ, ಮತ್ತೆ ತುಂಬಿ ಇಡೀ ದಿನ ದುಡಿಯುತ್ತೆ. ಕಂಪನಿ ಲೆಕ್ಕದಲ್ಲಿ ಲೀಟರಿಗೆ 27.97 ಕಿ.ಮೀ. ಊರೊಳಗೆ ನಿಧಾನಕ್ಕೆ ಓಡಿಸಿದ್ರೆ 24 ದಾಟಿಸಬಹುದು. ಹೈವೇಯಲ್ಲಿ ಬ್ರೇಕ್ ಹಾಕೋದೇ ಅಪರೂಪ, ವಾಪಸ್ ಸಿಗೋ ಶಕ್ತಿ ಕಡಿಮೆ, ಹಾಗಾಗಿ 20ರ ಹತ್ತಿರ ಇಳಿಯುತ್ತೆ.

ದುಡ್ಡಿನ ಲೆಕ್ಕಕ್ಕೆ ಬರ್ತೀನಿ. ಪೆಟ್ರೋಲ್ 103, ಡೀಸೆಲ್ 91 ಅಂತ ಇಟ್ಕೊಳ್ಳಿ. ನಿಮ್ಮ ವರ್ಷದ ಓಟ 18,000 ಕಿ.ಮೀ.; ಅದರಲ್ಲಿ 12,000 ಊರು ಮತ್ತು ಹರಿಹರ, 6,000 ದೂರದ ಪ್ರಯಾಣ ಅನ್ನೋಣ. ಡೀಸೆಲ್ ಊರಲ್ಲಿ 14, ಹೈವೇಯಲ್ಲಿ 19 ಕೊಟ್ಟರೆ ವರ್ಷಕ್ಕೆ 1,06,000ದಿಂದ 1,07,000 ರೂಪಾಯಿ. ಹೈಬ್ರಿಡ್ ಊರಲ್ಲಿ 24, ಹೈವೇಯಲ್ಲಿ 20 ಕೊಟ್ಟರೆ 82,000 ಚಿಲ್ಲರೆ. ಬರೀ ಹೈವೇ ತಗೊಂಡರೆ ಡೀಸೆಲ್ ಕಿಲೋಮೀಟರಿಗೆ 4.80, ಹೈಬ್ರಿಡ್ 5.15. ಅಂದ್ರೆ ಟೂರಿಸ್ಟ್ ಅಣ್ಣ ಹೇಳಿದ್ದು ಅವರ ಓಟಕ್ಕೆ ಸರಿಯಾಗೇ ಇದೆ. ಊರೊಳಗೆ ಮಾತ್ರ ಡೀಸೆಲ್ 6.50, ಹೈಬ್ರಿಡ್ 4.30, ಅಲ್ಲಿ ಡೀಸೆಲ್ ಸೋಲುತ್ತೆ.

ಎಲೆಕ್ಟ್ರಿಕ್‌ಗೆ ಮನೆಯಲ್ಲಿ ಚಾರ್ಜ್ ಮಾಡಿದರೆ, ಚಾರ್ಜಿಂಗ್ ನಷ್ಟ ಸೇರಿಸಿಯೇ ಕಿಲೋಮೀಟರಿಗೆ 1.20. ಹೊರಗಡೆ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 22 ರೂಪಾಯಿ ಕೊಟ್ಟರೆ 3.70. ದೂರದ ಓಟದಲ್ಲಿ ಅರ್ಧ ಹೊರಗಡೆ ಚಾರ್ಜ್ ಅಂದ್ಕೊಂಡರೂ ವರ್ಷಕ್ಕೆ 30,000 ಒಳಗೆ ಮುಗಿಯುತ್ತೆ.

ತೆರಿಗೆ ಕೂಡ ನೋಡಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಮುಂಚಿನ ಹಾಗೇ ಶೇ 5; 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಡೀಸೆಲ್ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40. ಈಗ ಹೇಳಿದ ಹೈಬ್ರಿಡ್‌ಗಳೆಲ್ಲ ದೊಡ್ಡ ಗಾತ್ರದವೇ, ಹಾಗಾಗಿ 40ರಲ್ಲೇ ಬೀಳ್ತವೆ. ಇಂಧನ ಇಷ್ಟು ಉಳಿಸೋ ಗಾಡಿಗೆ ಇಷ್ಟು ತೆರಿಗೆ ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ರಾಜ್ಯದ ರಸ್ತೆ ತೆರಿಗೆ ಆಗಾಗ ಬದಲಾಗ್ತಿರುತ್ತೆ, ಅದಕ್ಕೆ ಎಕ್ಸ್ ಶೋರೂಮ್ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಆನ್‌ರೋಡ್ ಕೊಟೇಶನ್ ಕೈಗೆ ತಗೊಂಡೇ ಹೋಲಿಸಿ.

ಹದಡಿ ರಸ್ತೆ ಟೀಚರ್:
ಭದ್ರಾ ನಾಲೆ ಸರ್, ಲೆಕ್ಕ ಬಹಳ ಚೆನ್ನಾಗಿದೆ. ಒಂದು ವಿಷಯ ಸೇರಿಸಬೇಕು, ಶೋರೂಮಿನಲ್ಲಿ ಇದನ್ನು ಯಾರೂ ಹೇಳಲ್ಲ: ಗೃಹಜ್ಯೋತಿ.

ನನ್ನ ಹತ್ರ ಚಿಕ್ಕ ಎಲೆಕ್ಟ್ರಿಕ್ ಕಾರಿದೆ. ಶಾಲೆಗೆ, ಮನೆಗೆ, ವಾರಕ್ಕೊಮ್ಮೆ ತವರಿಗೆ. ತಗೊಂಡ ಮೊದಲ ತಿಂಗಳು ಬಿಲ್ ನೋಡಿ ಮನೆಯವರು ಗಾಬರಿ ಆದ್ರು, ಅಷ್ಟು ದಿನ ಸೊನ್ನೆ ಬರ್ತಿತ್ತಲ್ಲ. ಯೋಜನೆಯಲ್ಲಿ ನಮಗೆ ಉಚಿತ ಸಿಗೋದು 2022–23ರ ನಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅದನ್ನು ದಾಟಿದರೆ ಹೆಚ್ಚುವರಿಗೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಕಾರು ಮನೆಗೆ ಬಂದರೆ 200 ದಾಟೋದು ಖಂಡಿತ ಅಂತಲೇ ತಿಳ್ಕೊಳ್ಳಿ.

ಉದಾಹರಣೆಗೆ ಮನೆ ಬಳಕೆ 120 ಯೂನಿಟ್ ಇದೆ, ಕಾರು ತಿಂಗಳಿಗೆ 1,000 ಕಿ.ಮೀ. ಓಡುತ್ತೆ ಅನ್ನಿ. ಕಾರಿಗೆ 175 ಯೂನಿಟ್ ಬೇಕು, ಒಟ್ಟು 295. ಬೆಸ್ಕಾಂನ 2025ರ ಏಪ್ರಿಲ್ ದರದಲ್ಲಿ ಯೂನಿಟ್‌ಗೆ 5.80, ಜೊತೆಗೆ 36 ಪೈಸೆ ಸರ್‌ಚಾರ್ಜ್, ಮೇಲೆ ಶೇ 9 ತೆರಿಗೆ. ಹತ್ತಿರ ಹತ್ತಿರ 6.70. ನಿಗದಿತ ಶುಲ್ಕ ಕಿಲೋವ್ಯಾಟಿಗೆ 145, ಮೂರು ಕಿಲೋವ್ಯಾಟ್ ಇದ್ದರೆ 435. ಎಲ್ಲಾ ಸೇರಿ 2,400 ದಾಟುತ್ತೆ. ಮುಂಚೆ ಸೊನ್ನೆ ಬರ್ತಿದ್ದ ಮನೆಗೆ ಇದು ಪೂರ್ತಿ ಕಾರಿನ ಖರ್ಚೇ ಅಲ್ವಾ? ಅಂದ್ರೆ ಕಿಲೋಮೀಟರಿಗೆ 1.20 ಅಲ್ಲ, 2.40. ಆದರೂ ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ. ನಾನು ಎಲೆಕ್ಟ್ರಿಕ್ ಬೇಡ ಅನ್ನೋಕೆ ಇದನ್ನ ಬರೀತಿಲ್ಲ, ಎಷ್ಟು ಬೀಳುತ್ತೆ ಅಂತ ಮೊದಲೇ ಗೊತ್ತಿದ್ದು ತಗೋಬೇಕು ಅಂತ ಬರೀತಿದೀನಿ. ಇವಿ ಚಾರ್ಜಿಂಗ್‌ಗೆ ಬೇರೆ ದರದ ವರ್ಗ ಇದೆ. ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಕೊಡ್ತಾರಾ ಅಂತ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಕೊಟ್ಟರೆ ಮನೆಯ ಗೃಹಜ್ಯೋತಿಗೆ ಧಕ್ಕೆ ಆಗಲ್ಲ.

ಇನ್ನೊಂದು ಮಾತು. ಬೇಸಿಗೆ ಮಧ್ಯಾಹ್ನ ಊರೊಳಗಿನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಾಗ ಎ.ಸಿ. ಓಡ್ತಾ, ಗಾಡಿ ಸದ್ದಿಲ್ಲದೆ ನಿಂತಿರುತ್ತೆ. ಕ್ಲಚ್ ಒತ್ತಿ ಒತ್ತಿ ಬರ್ತಿದ್ದ ಮಂಡಿನೋವು ನನಗೆ ಹೋಗಿದೆ. ಇದಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟೋಕಾಗಲ್ಲ.

ಎಂಸಿಸಿ ಬಿ ಬ್ಲಾಕ್:
ಊರೊಳಗೆ ಮಾತ್ರ ಓಡಿಸೋರು ಹೊಸ ಡೀಸೆಲ್ ತಗೋಬೇಡಿ ಅಂತ ಕೈಮುಗಿದು ಹೇಳ್ತೀನಿ. ನಮ್ಮ ಮನೆ ಗಾಡಿ ಬಿಎಸ್6 ಡೀಸೆಲ್. ಮನೆಯಿಂದ ಕ್ಲಿನಿಕ್, ಕ್ಲಿನಿಕ್‌ನಿಂದ ಮನೆ, ಎಂಜಿನ್ ಬಿಸಿ ಆಗೋ ಮುಂಚೆ ಆಫ್. ಕೆಲವೇ ತಿಂಗಳಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿತು, ಡಿಪಿಎಫ್ ತುಂಬಿದೆ ಅಂತ. ಹೊಗೆಯ ಮಸಿ ಹಿಡಿಯೋ ಜಾಲರಿ ಅದು. ಮಸಿ ಒಳಗೇ ಸುಟ್ಟು ಬೂದಿ ಆಗಬೇಕಾದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಅದಕ್ಕೆ ಹೈವೇ ಬೇಕು. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ‘ಸ್ವಲ್ಪ ಲಾಂಗ್ ಡ್ರೈವ್ ಹೋಗಿ ಬನ್ನಿ ಸರ್’ ಅಂದ್ರು. ಮಾರುವಾಗ ನಮ್ಮ ಓಡಾಟ ಕೇಳಿದ್ದೋರು ಇವರೇ, ಆಗ ಈ ಮಾತು ಬಂದಿರಲಿಲ್ಲ.

ಆಮೇಲೆ ಅಭ್ಯಾಸ ಆಗಿಹೋಯ್ತು. ದೀಪ ಹತ್ತಿದರೆ ಭಾನುವಾರ ಬೆಳಿಗ್ಗೆ ಹೆಬ್ಬಾಳು ಟೋಲ್ ಕಡೆಗೆ ಹೊರಡೋದು, ಒಂದು ಗೇರ್ ಕೆಳಗಿಟ್ಟು 70ರ ಮೇಲೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸೋದು. ದೀಪ ಆರಿದ ಮೇಲೆ ತಿರುಗಿಸೋದು, ಮಧ್ಯದಲ್ಲಿ ಆಫ್ ಮಾಡಬಾರದು. ಮೈಲೇಜ್ ಉಳಿಸೋಕೆ ತಗೊಂಡ ಗಾಡಿಗೆ ಡೀಸೆಲ್ ಸುರಿದು ಮಸಿ ಸುಡಬೇಕು. ದೀಪ ಅಲಕ್ಷ್ಯ ಮಾಡಿದ್ರೆ ಜಾಲರಿಯನ್ನೇ ಬದಲಾಯಿಸಬೇಕಾಗುತ್ತೆ, ಅದು ದೊಡ್ಡ ಖರ್ಚು.

ಚನ್ನಗಿರಿ ತೋಟ:
ನಮ್ಮ ಕಡೆ ಮಾತೂ ಕೇಳ್ರಿ. ತೋಟದ ದಾರಿ, ಕೆಸರು, ಹಿಂದಿನ ಸೀಟ್ ಮಡಚಿ ಅಡಿಕೆ ಚೀಲ, ಗೊಬ್ಬರ, ಪಂಪ್‌ಸೆಟ್ ಸಾಮಾನು. ಇದಕ್ಕೆಲ್ಲ ಡೀಸೆಲ್ ಬೊಲೆರೊ ಬಿಟ್ರ ಬ್ಯಾರೆ ಯಾವ್ದೂ ತಡಿಯಂಗಿಲ್ಲ. ಚನ್ನಗಿರಿಯಿಂದ ದಾವಣಗೆರೆ, ಶಿವಮೊಗ್ಗ ಅಂತ ಓಡಾಟ ದಿನಾ ಇದ್ದೇ ಐತಿ, ಎಂಜಿನ್ ಸರಿಯಾಗಿ ಕಾಯ್ತತಿ, ಹಂಗಾಗಿ ಮ್ಯಾಲೆ ಎಂಸಿಸಿ ಬಿ ಬ್ಲಾಕ್‌ನೋರು ಹೇಳಿದ ಹಳದಿ ದೀಪ ನಮಗ ಹತ್ತಂಗಿಲ್ಲ. ಹೊಗೆ ಶುದ್ಧ ಮಾಡಾಕ ಯೂರಿಯಾ ನೀರು ಹಾಕಬೇಕಾದ ಡೀಸೆಲ್ ಗಾಡಿನೂ ಬಂದಾವು, ತಗೊಳ್ಳೋ ಮುಂಚೆ ಕೇಳ್ಕೊಳ್ರಿ. ಹೊಲಕ್ಕೆ ಹಾಕೋ ಯೂರಿಯಾ ಅಲ್ಲದು, ಅದಕ್ಕಂತ್ಲೇ ಮಾಡಿದ ದ್ರಾವಣ ಬ್ಯಾರೆ ಬರ್ತತಿ. ಅಗ್ಗ ಆಗ್ತತಿ ಅಂತ ಗೊಬ್ಬರ ಕಲಸಿ ಹಾಕಿದ್ರ ಪೂರಾ ವ್ಯವಸ್ಥೆ ಹಾಳು.

ಒಂದು ಪ್ರಶ್ನೆ. ಹತ್ತು ವರ್ಷ ಆದ ಡೀಸೆಲ್ ಗಾಡಿ ಗುಜರಿಗೆ ಹಾಕಬೇಕು ಅಂತಾರಲ್ಲ, ನಮಗೂ ಬರ್ತತೇನು?

ಭದ್ರಾ ನಾಲೆ:
ತೋಟದ ಯಜಮಾನ್ರೆ, ಆ ಹತ್ತು ವರ್ಷದ ಮಾತು ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್‌ಗೆ ಹಸಿರು ನ್ಯಾಯಮಂಡಳಿ ಹಾಕಿದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಫಿಟ್‌ನೆಸ್ ತೋರಿಸಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಈ ಸುದ್ದಿ ಕೇಳಿ ಹೆದರಿ ಒಳ್ಳೆ ಗಾಡಿಯನ್ನು ಅಗ್ಗಕ್ಕೆ ಮಾರಿಬಿಟ್ಟವರು ನನಗೆ ಗೊತ್ತು, ಹೊಟ್ಟೆ ಉರಿಯುತ್ತೆ.

ಜೋಗಿಮಟ್ಟಿ ಗಾಳಿ:
ದುರ್ಗದಿಂದ ಬರೀತಿದೀನಿ. ನನ್ನ ಹತ್ರ 40 ಯೂನಿಟ್ ದಾಟಿದ ಬ್ಯಾಟರಿಯ ಎಲೆಕ್ಟ್ರಿಕ್ ಎಸ್‌ಯುವಿ ಐತೆ, ಬೆಂಗಳೂರಿಗೆ ಅದರಲ್ಲೇ ಹೋಗಿ ಬರೋದು. ಎಲ್ಲರೂ ರೇಂಜ್ ಎಷ್ಟು, ಅಂದ್ರೆ ಒಂದು ಚಾರ್ಜ್‌ಗೆ ಎಷ್ಟು ದೂರ ಹೋಗುತ್ತೆ ಅಂತ ಕೇಳ್ತಾರೆ. ಅದು ಕಾರಿಗಿಂತ ಬಲಗಾಲಲ್ಲೇ ಐತೆ ಕಣಣ್ಣ. ಗಾಳಿಯ ತಡೆ ವೇಗದ ವರ್ಗದಂಗೆ ಏರುತ್ತೆ. 80ರಲ್ಲಿ ಇದ್ದ ತಡೆ 110ಕ್ಕೆ ಹೆಚ್ಚುಕಮ್ಮಿ ಎರಡರಷ್ಟು. ಡೀಸೆಲ್ ಗಾಡಿನಲ್ಲೂ ಇದೇ ಕಥೆ, ಆದ್ರೆ ಅಲ್ಲಿ ಪಂಪ್ ಎಲ್ಲಾ ಕಡೆ ಇರೋದ್ರಿಂದ ಯಾರೂ ಲೆಕ್ಕ ಇಡಲ್ಲ. ನಾನು 90ರಲ್ಲಿ ಹೋದ್ರೆ ಯೂನಿಟ್‌ಗೆ ಆರೂವರೆ ಬರುತ್ತೆ, 110ರಲ್ಲಿ ಐದಕ್ಕೆ ಇಳಿಯುತ್ತೆ.

ನಮ್ಮ ಗುಡ್ಡದ ಮೇಲೆ ಫ್ಯಾನ್ ನೆಟ್ಟಿರೋದು ಸುಮ್ನೆ ಅಲ್ಲ. ಆಷಾಢದಲ್ಲಿ ಬೆಂಗಳೂರಿಂದ ವಾಪಸ್ ಬರುವಾಗ ಪಡುವಣ ಗಾಳಿ ಎದುರಿಗೇ ಓರೆಯಾಗಿ ಹೊಡೆಯುತ್ತೆ. ಹಿರಿಯೂರು ದಾಟಿದ ಮೇಲೆ ರೇಂಜ್ ಕಣ್ಣೆದುರಿಗೇ ಕರಗುತ್ತೆ. ಆ ತಿಂಗಳುಗಳಲ್ಲಿ ಸಿರಾ ಹತ್ರ ಕಾಫಿ ಕುಡಿಯೋಷ್ಟು ಹೊತ್ತು ಚಾರ್ಜ್ ಹಾಕ್ಕೊಂಡೇ ಬರ್ತೀನಿ. ದಾವಣಗೆರೆಯಿಂದ ಬೆಂಗಳೂರು ಮುನ್ನೂರು ಮೀಟರ್‌ನಷ್ಟು ಎತ್ತರ, ಹೋಗುವಾಗ ಏರು, ಬರುವಾಗ ಇಳಿಜಾರು. ಆದ್ರೆ ಆ ಏರಿಗೆ ಖರ್ಚಾಗೋದು ಒಂದೂವರೆ ಯೂನಿಟ್ ಅಷ್ಟೆ. ಗಾಳಿ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಹಬ್ಬದ ಹಿಂದಿನ ದಿನ ಮಾತ್ರ ಹುಷಾರು. ಹೈವೇ ಹೋಟೆಲ್‌ಗಳ ಚಾರ್ಜರ್ ಮುಂದೆ ಸಾಲು ನಿಂತಿರುತ್ತೆ, ಒಂದೊಂದು ಕೆಟ್ಟೂ ಇರುತ್ತೆ. ಹೊರಡೋ ಮುಂಚೆ ಆ್ಯಪ್‌ನಲ್ಲಿ ಎರಡು ಜಾಗ ಗುರುತು ಮಾಡ್ಕೊಳ್ಳಿ, ಒಂದನ್ನೇ ನಂಬಬೇಡಿ.

ಮೆಕ್ಕೆಜೋಳದ ನಾಡು:
ನಾನು ಇಲ್ಲೇ ಎಂಜಿನಿಯರಿಂಗ್ ಓದ್ತಿದೀನಿ. ಹೈಬ್ರಿಡ್ ಲೆಕ್ಕಕ್ಕೆ ಇ20 ಸೇರಿಸಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಐದರಲ್ಲಿ ಒಂದು ಪಾಲು ಎಥೆನಾಲ್. ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ. ಲೆಕ್ಕ ಹಾಕಿದ್ರೆ ಲೀಟರಿಗೆ ಶೇ 6–7 ಶಕ್ತಿ ಕಡಿಮೆ ಆಯ್ತು. ಹೊಸ ಎಂಜಿನ್‌ಗಳು ಸ್ವಲ್ಪ ಸರಿದೂಗಿಸ್ತವೆ, ಪೂರ್ತಿ ಅಲ್ಲ. ಹಳೇ ವಿಡಿಯೋಗಳಲ್ಲಿ ತೋರಿಸಿದ ಮೈಲೇಜ್ ಈಗ ಬರ್ಲಿಲ್ಲ ಅಂದ್ರೆ ಗಾಡಿಯದ್ದೇ ತಪ್ಪು ಅಂದ್ಕೋಬೇಡಿ. ಅದೇ ಎಥೆನಾಲ್‌ಗೆ ನಮ್ಮ ಜಿಲ್ಲೆ ಬೆಳೆಯೋ ಮೆಕ್ಕೆಜೋಳಕ್ಕೂ ಬೇಡಿಕೆ ಇದೆ. ಹಾಗಾಗಿ ರೈತನ ಮಗನಾಗಿ ನಾನು ಅದನ್ನ ಬೇಡ ಅನ್ನಲ್ಲ.

ನಿಟುವಳ್ಳಿ ನಿವಾಸಿ:
ಎಲ್ಲರಿಗೂ ಧನ್ಯವಾದ. ಇಷ್ಟು ವಿವರ ಯಾವ ಶೋರೂಮಿನಲ್ಲೂ ಸಿಕ್ಕಿರಲಿಲ್ಲ. ಬೆಸ್ಕಾಂ ಕಚೇರಿಗೆ ಹೋಗಿ ಬಂದೆ. ನಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್, ಹೆಚ್ಚಿಸಬೇಕಾಗುತ್ತೆ. ಪ್ರತ್ಯೇಕ ಮೀಟರ್‌ಗೆ ಅರ್ಜಿ ಕೊಟ್ಟಿದೀನಿ. ಟೀಚರ್ ಮೇಡಂ ಹೇಳಿದ ಹಾಗೆ ಗೃಹಜ್ಯೋತಿ ಹೋದರೂ ಲೆಕ್ಕ ಎಲೆಕ್ಟ್ರಿಕ್ ಕಡೆಗೇ ವಾಲುತ್ತಿದೆ. 45 ಯೂನಿಟ್ ಬ್ಯಾಟರಿಯದ್ದು ನೋಡ್ತಿದೀನಿ, ಬ್ಯಾಟರಿ ವಾರಂಟಿ ಎಂಟು ವರ್ಷಕ್ಕೆ ಕಮ್ಮಿ ಇರಬಾರದು ಅಂತ ಇಟ್ಕೊಂಡಿದೀನಿ.

ಉಳಿದಿರೋ ಆತಂಕ ಹಳ್ಳಿ ಮನೆಯದ್ದು. ಅಲ್ಲಿ ವೋಲ್ಟೇಜ್ ಏರಿಳಿತ ಬಹಳ. ಅಪ್ಪನಿಗೆ ಹುಷಾರಿಲ್ಲ ಅಂತ ರಾತ್ರಿ ಹೊರಟರೆ ಅಲ್ಲಿಂದ ವಾಪಸ್ ಬರೋಕೆ ಚಾರ್ಜ್ ಇರಬೇಕಲ್ಲ?

ಜೋಗಿಮಟ್ಟಿ ಗಾಳಿ:
ಜಗಳೂರಿಗೆ ಹೋಗಿ ಬರೋದು ನೂರು ಕಿಲೋಮೀಟರ್ ಅಷ್ಟೆ. ಬ್ಯಾಟರಿ ಅರ್ಧ ಇದ್ರೂ ಸಾಕು. ಮನೆಯಲ್ಲಿ ಯಾವಾಗಲೂ ಅರ್ಧಕ್ಕಿಂತ ಕೆಳಗೆ ಬಿಡಬೇಡಿ, ಅಷ್ಟೇ ನಿಯಮ.

ಹಳ್ಳಿಯಲ್ಲಿ ಚಾರ್ಜ್ ಹಾಕೋದಾದ್ರೆ ವೋಲ್ಟೇಜ್‌ಗಿಂತ ಮೊದಲು ಅರ್ಥಿಂಗ್ ನೋಡಿ. ನಮ್ಮ ಚಳ್ಳಕೆರೆ ಮನೆಯಲ್ಲಿ ಪ್ಲಗ್ ಹಾಕಿದ್ರೆ ಚಾರ್ಜರ್ ಕೆಂಪು ದೀಪ ತೋರಿಸ್ತಿತ್ತು. ಫ್ಯಾನು ಟಿವಿ ಎಲ್ಲಾ ಓಡ್ತವೆ, ಇದೊಂದು ಮಾತ್ರ ಮೊಂಡು ಹಿಡಿಯುತ್ತೆ. ಎಲೆಕ್ಟ್ರಿಷಿಯನ್ ಬಂದು ಅರ್ಥ್ ಗುಂಡಿ ಮುಚ್ಚಳ ತೆಗೆದ್ರೆ ಒಳಗೆ ಮಣ್ಣು ಬೂದಿಯಂಗೆ ಒಣಗಿ, ಕಂಬಿ ಸುತ್ತ ಬಿರುಕು ಬಿಟ್ಟಿತ್ತು. ಬಯಲುಸೀಮೆ ಬೇಸಿಗೆ, ತೇವಾನೇ ಇಲ್ಲ. ಹೊಸ ಗುಂಡಿ ತೋಡಿ, ಉಪ್ಪು ಇದ್ದಿಲು ಪದರ ಪದರವಾಗಿ ತುಂಬಿ, ನೀರು ಹಾಕೋಕೆ ಪೈಪ್ ಬಿಟ್ರು. ಅವತ್ತೇ ಹಸಿರು ದೀಪ ಬಂತು. ಬೇಸಿಗೆಯಲ್ಲಿ ಅಮ್ಮ ತುಳಸಿಗೆ ನೀರು ಹಾಕುವಾಗ ಆ ಪೈಪಿಗೂ ಒಂದು ಚೊಂಬು ಹಾಕ್ತಾರೆ. ಚಾರ್ಜರ್ ಅಷ್ಟು ಮೊಂಡು ಮಾಡೋದು ನಮ್ಮ ಜೀವಕ್ಕೇ ಒಳ್ಳೇದು, ಅರ್ಥ್ ಇಲ್ಲದ ಕಡೆ ಅಡಾಪ್ಟರ್ ಸಿಕ್ಕಿಸಿ ಅದನ್ನ ಏಮಾರಿಸೋಕೆ ಯಾರೂ ಹೋಗಬೇಡಿ.

ನಿಟುವಳ್ಳಿ ನಿವಾಸಿ:
ಅಣ್ಣ, ಕೊನೇದಾಗಿ ಒಂದು. ಮೀಟರ್ ಬೋರ್ಡಿಂದ ಶೆಡ್‌ವರೆಗೆ ಎಪ್ಪತ್ತು ಅಡಿ ಆಗುತ್ತೆ. ಮೊದಲು 15 ಆಂಪಿಯರ್ ಸಾಕೆಟ್‌ನಲ್ಲೇ ಶುರು ಮಾಡ್ತೀನಿ. ಎಲೆಕ್ಟ್ರಿಷಿಯನ್ ಎರಡೂವರೆ ಎಂಎಂ ವೈರ್ ಸಾಕು ಅಂತಿದಾರೆ. ಸಾಕಾ?

ಭದ್ರಾ ನಾಲೆ:
ಬೇಡ. ಎ.ಸಿ. ಥರ ಬಿಟ್ಟು ಬಿಟ್ಟು ಎಳೆಯೋ ಲೋಡ್ ಅಲ್ಲ ಇದು, ರಾತ್ರಿಯಿಡೀ ಒಂದೇ ಸಮ ಎಳೆಯುತ್ತೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಬೋರ್ಡಿಂದ ನೇರ ಬೇರೆ ಲೈನ್, ಅದಕ್ಕೇ ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಟ್ರಿಪ್ ಆಗೋ ಸ್ವಿಚ್), ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯೋ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಮುಂದೆ 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕೋ ಯೋಚನೆ ಇದ್ದರೆ ಈಗಲೇ 6 ಎಂಎಂ ಎಳೆಸಿಬಿಡಿ, ಗೋಡೆ ಎರಡು ಸಲ ಕೊರೆಯೋದು ತಪ್ಪುತ್ತೆ. ಎಕ್ಸ್‌ಟೆನ್ಶನ್ ಬಾಕ್ಸ್ ಮಾತ್ರ ಯಾವ ಕಾರಣಕ್ಕೂ ಬೇಡ.

ನಿಟುವಳ್ಳಿ ನಿವಾಸಿ:
6 ಎಂಎಂ ಹಾಕಿಸ್ತೀನಿ ಸರ್. ಶನಿವಾರ ಎಲೆಕ್ಟ್ರಿಷಿಯನ್ ಬರ್ತಾರೆ.